ಎ.ಐ. ಎಂದರೆ ಯಾವ ಎ.ಐ.?

ಕಿವಿಯೋಲೆಯ ಸಂಖ್ಯೆಯಿಂದ ಗಣಕಯಂತ್ರದ ತಿಳಿವಳಿಕೆಯವರೆಗೆ



ಹೊಳಲ್ಕೆರೆ ಕಡೆಯ ಒಂದು ಸಂಘದ ಕಟ್ಟೆಯ ಮೇಲೆ ಬೆಳಗಿನ ಹಾಲು ಹಾಕಿದ ಮೇಲೆ ನಡೆದ ಮಾತುಕತೆ ಇದು. ಕಾಲೇಜಿಗೆ ಹೋಗುವ ಹುಡುಗನೊಬ್ಬ ಮೊಬೈಲ್ ನೋಡುತ್ತಾ, "ಇನ್ನು ಮುಂದೆ ಎಲ್ಲಾ ಕೆಲಸ ಎ.ಐ.ನೇ ಮಾಡುತ್ತಂತೆ ಕಣಜ್ಜ" ಎಂದ. ಕ್ಯಾನಿನ ಮುಚ್ಚಳ ಒರೆಸುತ್ತಿದ್ದ ಅಜ್ಜ ತಲೆಯೆತ್ತಿ, "ಇನ್ನು ಮುಂದೆ ಯಾಕಪ್ಪ? ಮೂವತ್ತು ವರ್ಷದಿಂದ ನಮ್ಮ ಹಸುಗಳಿಗೆ ಮಾಡಿಸ್ತಾ ಇರೋದು ಎ.ಐ.ನೇ ಅಲ್ವಾ" ಎಂದರು. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

ಇಬ್ಬರ ಮಾತೂ ಸರಿಯೇ. ಅಜ್ಜನ ಎ.ಐ. ಕೃತಕ ಗರ್ಭಧಾರಣೆ. ಮೊಮ್ಮಗನ ಎ.ಐ. ಕೃತಕ ಬುದ್ಧಿಮತ್ತೆ, ಅಂದರೆ ಗಣಕಯಂತ್ರವು ಮನುಷ್ಯನಂತೆ ಪ್ರಶ್ನೆಗೆ ಉತ್ತರ ಕೊಡುವ ವಿದ್ಯೆ. ಎರಡು ಅಕ್ಷರ ಒಂದೇ, ಅರ್ಥ ಎರಡು. ಕಟ್ಟೆಯ ಮೇಲೆ ಇದು ನಗೆಯಾಯಿತು. ಆದರೆ ಇದೇ ಗೊಂದಲ ಸಂಘದ ಪುಸ್ತಕದಲ್ಲಿ, ಪಶು ಆಸ್ಪತ್ರೆಯ ದಾಖಲೆಯಲ್ಲಿ, ವಿಮಾ ಪತ್ರದಲ್ಲಿ ಸೇರಿಕೊಂಡರೆ ನಗುವ ವಿಷಯವಾಗಿ ಉಳಿಯುವುದಿಲ್ಲ, ಸದಸ್ಯರ ಜೇಬಿಗೆ ಬರುತ್ತದೆ. ಈ ಗೊಂದಲವನ್ನು ನಿವಾರಿಸಲು ಗಣಕ ವಿಜ್ಞಾನಿಗಳು ಕಂಡುಕೊಂಡ ದಾರಿಗಳಿಗೆ ಆಂಟಾಲಜಿ ಮತ್ತು ಜ್ಞಾನ ಜಾಲ ಎಂದು ಹೆಸರು. ಹೆಸರು ದೊಡ್ಡದು, ವಿಷಯ ನಮ್ಮ ಕೊಟ್ಟಿಗೆಯದೇ. ಇದನ್ನು ಹಂತ ಹಂತವಾಗಿ ತಿಳಿಯೋಣ.

ಒಂದು ಹೆಸರು, ಎರಡು ಊರು

ಮೊದಲು ನಮ್ಮ ಜಿಲ್ಲೆಯ ಉದಾಹರಣೆಗಳನ್ನೇ ನೋಡೋಣ. ಹೊಸದುರ್ಗ ಎಂದರೆ ತಾವು ನಮ್ಮ ತೆಂಗಿನ ಸೀಮೆಯ ಹೊಸದುರ್ಗ ಎಂದುಕೊಳ್ಳುತ್ತೀರಿ. ಆದರೆ ಕೇರಳದ ಕಾಸರಗೋಡು ಜಿಲ್ಲೆಯಲ್ಲೂ ಒಂದು ಹೊಸದುರ್ಗ ತಾಲ್ಲೂಕು ಇದೆ. ಹೆಸರು ಒಂದು, ಊರು ಎರಡು.

ಇದರ ತಿರುವುಮುರುವೂ ಉಂಟು. ಹಿರಿಯೂರಿನ ಹಿರಿಯರು ಮಾರಿಕಣಿವೆ ಎನ್ನುತ್ತಾರೆ, ನೀರಾವರಿ ಕಚೇರಿಯ ಕಾಗದದಲ್ಲಿ ವಾಣಿ ವಿಲಾಸ ಸಾಗರ ಎಂದಿರುತ್ತದೆ. ಅಣೆಕಟ್ಟೆ ಒಂದೇ. ಅದಕ್ಕೆ ನೀರು ತರುವ ವೇದಾವತಿ ಮುಂದೆ ಹರಿದು ಹಗರಿ ಎನಿಸಿಕೊಳ್ಳುತ್ತಾಳೆ. ಹೆಸರು ಎರಡು, ಹೊಳೆ ಒಂದೇ.

ಮನುಷ್ಯನಿಗೆ ಇದು ತೊಡಕಲ್ಲ. ಮಾತಿನ ಹಿಂದು ಮುಂದು ನೋಡಿ ಅರ್ಥ ಮಾಡಿಕೊಳ್ಳುತ್ತಾನೆ. ಗಣಕಯಂತ್ರಕ್ಕೆ ಆ ಹಿಂದು ಮುಂದು ತಾನಾಗಿ ಗೊತ್ತಿರುವುದಿಲ್ಲ. ಅದಕ್ಕೆ ಅಕ್ಷರ ಒಂದೇ ಇದ್ದರೆ ವಸ್ತು ಒಂದೇ, ಅಕ್ಷರ ಬೇರೆಯಾದರೆ ವಸ್ತು ಬೇರೆ. ಸಂಘದ ಪುಸ್ತಕದಲ್ಲಿ ಒಬ್ಬರ ಹೆಸರು ತಿಪ್ಪೇಸ್ವಾಮಿ ಎಂದೂ ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ತಿಪ್ಪೇಸ್ವಾಮಿ ಟಿ. ಎಂದೂ ಇದ್ದರೆ ಅದು ಇಬ್ಬರು ಎಂದೇ ಎಣಿಸುತ್ತದೆ. ಬಟವಾಡೆಯ ಹಣ ನಿಂತುಹೋದ ಎಷ್ಟೋ ಕಡೆ ಬೇರು ಇಲ್ಲಿಯೇ ಇರುತ್ತದೆ.

ನಮ್ಮ ನೆಂಟಸ್ತನದ ಮಾತುಗಳನ್ನೇ ನೋಡಿ. ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ತಾಯಿಯ ತಮ್ಮನೂ ಮಾವ, ಹೆಂಡತಿಯ ತಂದೆಯೂ ಮಾವ. ನಮ್ಮಲ್ಲಿ ಅಕ್ಕನ ಮಗನಿಗೇ ಮಗಳನ್ನು ಕೊಡುವ ಪದ್ಧತಿ ಇದ್ದುದರಿಂದ ಒಂದೇ ಮಾತು ಸಾಕಾಯಿತು. ಆದರೆ ಆಸ್ತಿ ಪಾಲಾಗುವ ದಿನ ತಹಶೀಲ್ದಾರ ಕಚೇರಿಯಲ್ಲಿ 'ಅಳಿಯ' ಎಂದಷ್ಟೇ ಬರೆದುಕೊಟ್ಟರೆ ಒಪ್ಪುವುದಿಲ್ಲ, ವಂಶವೃಕ್ಷ ಕೇಳುತ್ತಾರೆ. ಯಾರು ಯಾರಿಗೆ ಹುಟ್ಟಿದವರು, ಯಾರು ಯಾರನ್ನು ಮದುವೆಯಾದವರು ಎಂದು ಗೆರೆ ಎಳೆದು ತೋರಿಸಬೇಕು. ಈ ವಂಶವೃಕ್ಷವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಹಾಲು ಜ್ವರದಲ್ಲಿ ಜ್ವರವಿಲ್ಲ

ಹೆಸರನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕೊಟ್ಟಿಗೆಯಿಂದಲೇ ಒಂದು ಗಂಭೀರ ಉದಾಹರಣೆ ಹಾಲು ಜ್ವರ.

ಹೆಚ್ಚು ಹಾಲು ಕೊಡುವ ಹಸು ಕರು ಹಾಕಿದ ಎರಡು ಮೂರು ದಿನಗಳೊಳಗೆ ಇದ್ದಕ್ಕಿದ್ದಂತೆ ಮಲಗಿಬಿಡುತ್ತದೆ. ಏಳಲಾರದು. ಕತ್ತನ್ನು ಪಕ್ಕೆಗೆ ತಿರುಗಿಸಿ ಇಟ್ಟುಕೊಳ್ಳುತ್ತದೆ. ಕಿವಿ ಮುಟ್ಟಿದರೆ ತಣ್ಣಗಿರುತ್ತದೆ. ಥರ್ಮಾಮೀಟರ್ ಇಟ್ಟು ನೋಡಿದರೆ ಮೈ ಬಿಸಿ ಸಾಮಾನ್ಯಕ್ಕಿಂತ ಕಡಿಮೆಯೇ ಇರುತ್ತದೆ. ಹೆಸರಿನಲ್ಲಿ ಜ್ವರವಿದೆ, ಹಸುವಿನಲ್ಲಿ ಇಲ್ಲ. ಗಿಣ್ಣುಹಾಲಿನ ಮೂಲಕ ಮೈಯಲ್ಲಿದ್ದ ಸುಣ್ಣದ ಅಂಶ ಒಮ್ಮೆಲೇ ಹೊರಗೆ ಹೋಗಿ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿರುತ್ತದೆ, ಅಷ್ಟೇ. ಪಶುವೈದ್ಯರು ಬಂದು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ದ್ರಾವಣ ಕೊಟ್ಟರೆ ಎಷ್ಟೋ ಹಸುಗಳು ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುತ್ತವೆ. ತಡವಾದರೆ ಹಸು ಉಳಿಯುವುದಿಲ್ಲ. ಇಂತಹ ಸ್ಥಿತಿಯಲ್ಲಿ ಬಾಯಿಗೆ ಗೊಟ್ಟದಲ್ಲಿ ಔಷಧಿ ಸುರಿಯಬಾರದು. ನುಂಗುವ ಶಕ್ತಿ ಕುಂದಿರುವುದರಿಂದ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಈಗ ಯೋಚಿಸಿ. ಅಕ್ಷರವನ್ನಷ್ಟೇ ಬಲ್ಲ ಯಂತ್ರಕ್ಕೆ, "ಹಸುವಿಗೆ ಹಾಲು ಜ್ವರ, ಏನು ಕೊಡಲಿ?" ಎಂದು ಕೇಳಿದರೆ, ಜ್ವರ ಎಂಬ ಮಾತು ಹಿಡಿದುಕೊಂಡು ಜ್ವರದ ಔಷಧಿ ಹೇಳಲೂಬಹುದು. ಆ ಯಂತ್ರಕ್ಕೆ ಮೊದಲೇ ಹೀಗೆ ತಿಳಿಸಿದ್ದರೆ ಕಥೆಯೇ ಬೇರೆ: ಹಾಲು ಜ್ವರವು ಕೊರತೆಯಿಂದ ಬರುವ ಕಾಯಿಲೆಗಳ ಗುಂಪಿಗೆ ಸೇರಿದ್ದು, ಅದರಲ್ಲಿ ಕೊರತೆಯಾಗುವುದು ಕ್ಯಾಲ್ಸಿಯಂ, ಅದು ಬರುವ ಕಾಲ ಕರು ಹಾಕಿದ ಹೊಸದರಲ್ಲಿ, ಚಿಕಿತ್ಸೆ ಕೊಡಬೇಕಾದವರು ಪಶುವೈದ್ಯರು. ಹೆಸರಿನ ಹಿಂದಿನ ವಸ್ತು ಯಾವುದು, ಅದು ಯಾವ ಗುಂಪಿನದು, ಯಾವುದಕ್ಕೆ ಏನು ಸಂಬಂಧ ಎಂದು ಬರೆದಿಡುವುದೇ ಈ ಲೇಖನದ ತಿರುಳು.

ಆಂಟಾಲಜಿ ಎಂದರೇನು?

ಒಂದು ಕಸುಬಿನಲ್ಲಿ ಇರುವ ವಸ್ತುಗಳು ಯಾವುವು, ಅವುಗಳ ಗುಂಪುಗಳು ಯಾವುವು, ಒಂದಕ್ಕೂ ಇನ್ನೊಂದಕ್ಕೂ ಇರಬಹುದಾದ ಸಂಬಂಧಗಳು ಯಾವುವು, ಇವನ್ನು ಆ ಕಸುಬಿನವರೆಲ್ಲ ಕೂಡಿ ಒಪ್ಪಿ, ಯಂತ್ರಕ್ಕೂ ಅರ್ಥವಾಗುವಂತೆ ಬರೆದ ಪಟ್ಟಿಗೆ ಆಂಟಾಲಜಿ ಎನ್ನುತ್ತಾರೆ. ಮೂಲದಲ್ಲಿ ಇದು ತತ್ತ್ವಶಾಸ್ತ್ರದ ಮಾತು. 'ಇರುವುದು ಏನು' ಎಂಬ ವಿಚಾರ. ಗಣಕ ವಿಜ್ಞಾನದಲ್ಲಿ ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ವಿವರಣೆಯನ್ನು ಅಮೆರಿಕದ ಟಾಮ್ ಗ್ರೂಬರ್ 1993ರಲ್ಲಿ ಕೊಟ್ಟರು. ಅಂತರ್ಜಾಲದ ನಿಯಮಗಳನ್ನು ರೂಪಿಸುವ ಸಂಸ್ಥೆಯು 2004ರಲ್ಲಿ ಇಂತಹ ಪಟ್ಟಿಗಳನ್ನು ಬರೆಯಲು ಒಂದು ಸಾಮಾನ್ಯ ಭಾಷೆಯನ್ನೂ ಗೊತ್ತುಪಡಿಸಿತು. 2012ರಲ್ಲಿ ಗೂಗಲ್ ಸಂಸ್ಥೆಯು ತನ್ನ ಹುಡುಕಾಟದ ಯಂತ್ರಕ್ಕೆ ಜ್ಞಾನ ಜಾಲವನ್ನು ಜೋಡಿಸಿದ ಮೇಲೆ ಈ ಮಾತು ಎಲ್ಲೆಡೆ ಹರಡಿತು.

ಆದರೆ ಈ ವಿಚಾರದ ಒಂದು ಗಟ್ಟಿ ಬೇರು ನಮ್ಮ ಬೆಂಗಳೂರಿನಲ್ಲೇ ಇದೆ ಎಂಬುದನ್ನು ಸದಸ್ಯರು ತಿಳಿದಿರಬೇಕು. ಗಣಿತದ ಮೇಷ್ಟರಾಗಿದ್ದು, 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಕೋಲನ್ ವರ್ಗೀಕರಣ ಎಂಬ ಪದ್ಧತಿಯನ್ನು ಪ್ರಕಟಿಸಿದರು. ಒಂದು ಪುಸ್ತಕವನ್ನು ಒಂದೇ ಕಪಾಟಿನ ಒಂದೇ ಹೆಸರಿಗೆ ಕಟ್ಟಿಹಾಕದೆ, ಅದರ ವಿಷಯವನ್ನು ಹಲವು ಮುಖಗಳಾಗಿ ಬಿಡಿಸಿ ನೋಡಬೇಕು ಎಂಬುದು ಅವರ ಮತ. ಮುಂದೆ ಅವರು ಇಂತಹ ಐದು ಮುಖಗಳನ್ನು ಗುರುತಿಸಿದರು: ಮುಖ್ಯ ವಸ್ತು, ದ್ರವ್ಯ, ಕ್ರಿಯೆ, ಸ್ಥಳ, ಕಾಲ. 1962ರಲ್ಲಿ ಬೆಂಗಳೂರಿನಲ್ಲಿ ಡಿ.ಆರ್.ಟಿ.ಸಿ. ಎಂಬ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಅವರೇ ಆರಂಭಿಸಿದರು. 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಗಣಕಯಂತ್ರದ ಆಂಟಾಲಜಿಗಳನ್ನು ಕಟ್ಟುವವರು ಇಂದಿಗೂ ಅವರ ವಿಧಾನದ ಕಡೆ ನೋಡುತ್ತಾರೆ.

ರಂಗನಾಥನ್ ಅವರ ಕಣ್ಣಿನಿಂದ ನಮ್ಮ ಒಂದು ದಾಖಲೆಯನ್ನು ಬಿಡಿಸಿ ನೋಡಿ. 'ಹಸುವಿಗೆ ಔಷಧಿ ಕೊಟ್ಟಿದೆ' ಎಂದು ಪುಸ್ತಕದಲ್ಲಿ ಬರೆದಿದ್ದರೆ ಅದರಿಂದ ಏನೂ ತಿಳಿಯದು. ಯಾವ ಹಸು? ಅದರ ಯಾವ ಭಾಗಕ್ಕೆ? ಏನು ಮಾಡಿದ್ದು? ಎಲ್ಲಿ? ಯಾವಾಗ? ಇಂಥ ಸಂಖ್ಯೆಯ ಹಸು, ಹಿಂದಿನ ಎಡ ಮೊಲೆ, ಕೆಚ್ಚಲು ಬಾವಿಗೆ ಆಂಟಿಬಯಾಟಿಕ್ ಚಿಕಿತ್ಸೆ, ಹಿರಿಯೂರು ತಾಲ್ಲೂಕಿನ ಇಂಥ ಹಳ್ಳಿ, ಇಂಥ ದಿನ ಎಂದು ಐದೂ ಸೇರಿದಾಗ ಅದು ತಿಳಿವಳಿಕೆ. ಆಗ ಮಾತ್ರ ಈ ಹಸುವಿನ ಹಾಲನ್ನು ಎಷ್ಟು ದಿನ ಸಂಘಕ್ಕೆ ತರಬಾರದು ಎಂದು ಲೆಕ್ಕ ಹಾಕಲು ಬರುತ್ತದೆ.

ಜ್ಞಾನ ಜಾಲ ಎಂದರೇನು?

ಆಂಟಾಲಜಿಯು ಒಪ್ಪಿತ ನಿಯಮವಾದರೆ, ಆ ನಿಯಮದಂತೆ ನಿಜವಾದ ಹಸು, ನಿಜವಾದ ಮನೆ, ನಿಜವಾದ ಸಂಘಗಳನ್ನು ಗೆರೆ ಎಳೆದು ಜೋಡಿಸಿದ್ದು ಜ್ಞಾನ ಜಾಲ. ವಂಶವೃಕ್ಷ ಎಂದೆನಲ್ಲ, ಅದೇ. ಆದರೆ ಇಲ್ಲಿ ಮನುಷ್ಯರು ಮಾತ್ರವಲ್ಲ. ರಾಸು, ಹೋರಿ, ಔಷಧಿ, ಮೇವು, ಹಾಲಿನ ಕ್ಯಾನು, ಎಲ್ಲವೂ ಗೆರೆಗಳಿಂದ ಸೇರಿರುತ್ತವೆ. ಪ್ರತಿಯೊಂದು ಗೆರೆಯೂ ಒಂದು ಚಿಕ್ಕ ವಾಕ್ಯ. ಗೌರಿಯ ಮಗಳು ತುಂಗೆ. ತುಂಗೆಯ ತಂದೆ ಇಂಥ ಸಂಖ್ಯೆಯ ಹೋರಿ. ಗೌರಿಯ ಒಡೆಯರು ಇಂಥವರು. ಇಂತಹ ವಾಕ್ಯಗಳನ್ನು ಕೂಡಿಟ್ಟರೆ, ಯಾರೂ ಬರೆಯದ ಹೊಸ ವಾಕ್ಯವೊಂದನ್ನು ಯಂತ್ರವು ತಾನೇ ಕಂಡುಹಿಡಿಯುತ್ತದೆ. ಲಾಭವಿರುವುದು ಇಲ್ಲಿಯೇ.

ಉದಾಹರಣೆಗೆ, ಅಜ್ಜನ ಎ.ಐ.ಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಒಂದೇ ಬೆಡಗಿನೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಅದನ್ನು ನೋಡಿಕೊಳ್ಳಲು ಹಿರಿಯರಿದ್ದಾರೆ. ಆದರೆ ಕೊಟ್ಟಿಗೆಯ ಬೆಡಗನ್ನು ನೋಡುವವರು ಯಾರು? ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿ ಕರ್ನಾಟಕ ಹಾಲು ಮಹಾಮಂಡಳದ ನಂದಿನಿ ವೀರ್ಯ ಸಂಗ್ರಹಣಾ ಕೇಂದ್ರವಿದೆ. ಹೀಗೆ ತಯಾರಾಗುವ ಪ್ರತಿಯೊಂದು ವೀರ್ಯ ನಳಿಕೆಯ ಮೇಲೂ ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ. ಗೌರಿಗೆ ಒಂದು ಹೋರಿಯ ನಳಿಕೆ ಕೊಟ್ಟಿರಿ, ತುಂಗೆ ಹುಟ್ಟಿತು. ಎರಡು ವರ್ಷದ ಮೇಲೆ ತುಂಗೆ ಬೆದೆಗೆ ಬಂತು. ಅದಕ್ಕೂ ಅದೇ ಹೋರಿಯ ನಳಿಕೆ ಬಂದರೆ ತಂದೆಗೇ ಮಗಳನ್ನು ಕೊಟ್ಟಂತಾಯಿತು. ಇಂತಹ ಕರುವಿನಲ್ಲಿ ತಾಯಿಯ ಕಡೆಯಿಂದಲೂ ತಂದೆಯ ಕಡೆಯಿಂದಲೂ ಒಂದೇ ಮೂಲದ ಗುಣ ಬಂದು ಸೇರುವ ಸಂಭವ ನೂರಕ್ಕೆ 25. ಮುಚ್ಚಿಕೊಂಡಿದ್ದ ದೋಷಗಳು ಹೊರಬೀಳುತ್ತವೆ. ಕರು ಸೊರಗಬಹುದು, ಮುಂದೆ ಹಾಲೂ ಗರ್ಭ ನಿಲ್ಲುವ ಶಕ್ತಿಯೂ ಕುಗ್ಗಬಹುದು.

ಇದನ್ನು ತಡೆಯಲು ಮೂರು ವಾಕ್ಯ ಸಾಕು: ತುಂಗೆಯ ತಾಯಿ ಗೌರಿ; ಗೌರಿಗೆ ಆ ಸಲ ಕೊಟ್ಟದ್ದು ಈ ಹೋರಿ; ಈಗ ಡಬ್ಬಿಯಲ್ಲಿರುವುದೂ ಇದೇ ಹೋರಿ. ಮೂರೂ ಸೇರಿದರೆ ಯಂತ್ರವು 'ಬೇಡ, ಬೇರೆ ಹೋರಿ ನೋಡಿ' ಎಂದು ಹೇಳಬಲ್ಲದು. ಆದರೆ ತುಂಗೆ ಹುಟ್ಟಿದಾಗ ತಾಯಿಯ ಸಂಖ್ಯೆಯ ಜೊತೆ ಸೇರಿಸಿ ಬರೆಸದೆ, 'ಹೆಚ್.ಎಫ್. ಮಿಶ್ರತಳಿ ಕಡಸು' ಎಂದಷ್ಟೇ ಬರೆಸಿದ್ದರೆ ಸರಪಳಿಯ ಕೊಂಡಿ ಅಲ್ಲಿಯೇ ತುಂಡಾಯಿತು. ಎಷ್ಟು ದುಬಾರಿ ಯಂತ್ರವಾದರೂ ತುಂಡಾದ ಕೊಂಡಿಯನ್ನು ಊಹಿಸಿ ಬೆಸೆಯಲಾರದು.

ಶೇಂಗಾ ಹಿಂಡಿಯಿಂದ ಮಗುವಿನ ಲೋಟದವರೆಗೆ

ಇನ್ನೊಂದು ಸರಪಳಿ ನೋಡೋಣ. ನಮ್ಮದು ಶೇಂಗಾ ಸೀಮೆ. ಚಳ್ಳಕೆರೆಯ ಎಣ್ಣೆ ಗಿರಣಿಗಳ ಹಿಂಡಿ ತಿನ್ನದ ಹಸು ನಮ್ಮಲ್ಲಿ ಅಪರೂಪ. ಶೇಂಗಾ ಹಿಂಡಿ ಒಳ್ಳೆಯ ಆಹಾರವೇ. ಆದರೆ ಮಳೆಗಾಲದಲ್ಲಿ ತೇವ ತಗುಲಿ ಬೂಷ್ಟು ಹಿಡಿದರೆ ಅದರಲ್ಲಿ ಅಫ್ಲಾಟಾಕ್ಸಿನ್ ಬಿ1 ಎಂಬ ವಿಷ ಹುಟ್ಟಬಹುದು. ಹಸು ಅದನ್ನು ತಿಂದಾಗ ಅದರ ಯಕೃತ್ತಿನಲ್ಲಿ ಈ ವಿಷದ ಒಂದು ಪಾಲು ಅಫ್ಲಾಟಾಕ್ಸಿನ್ ಎಂ1 ಆಗಿ ಮಾರ್ಪಟ್ಟು ಹಾಲಿಗೆ ಇಳಿಯುತ್ತದೆ. ಕಾಯಿಸಿದರೂ ಇದು ಹೋಗುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ಒಂದು ಕಿಲೋ ಹಾಲಿನಲ್ಲಿ ಇದು 0.5 ಮೈಕ್ರೋಗ್ರಾಂ ಮೀರಬಾರದು. ಒಂದು ಕಿಲೋದಲ್ಲಿ 100 ಕೋಟಿ ಮೈಕ್ರೋಗ್ರಾಂ ಇರುತ್ತದೆ ಎಂದರೆ ಮಿತಿ ಎಷ್ಟು ಸಣ್ಣದು ಎಂದು ತಾವೇ ಅಂದಾಜು ಮಾಡಿ. ಒಳ್ಳೆಯ ಸುದ್ದಿಯೆಂದರೆ, ಆ ಹಿಂಡಿ ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಹಾಲು ಬಹುಮಟ್ಟಿಗೆ ಶುದ್ಧವಾಗುತ್ತದೆ.

ಈಗ ಒಂದು ಮಾರ್ಗದ ಹಾಲಿನಲ್ಲಿ ಎಂ1 ಹೆಚ್ಚಾಗಿದೆ ಎಂದು ಪ್ರಯೋಗಾಲಯದಲ್ಲಿ ಕಂಡುಬಂತು ಎನ್ನೋಣ. ಹಿಂದಕ್ಕೆ ಹೋಗಬೇಕು: ಯಾವ ಟ್ಯಾಂಕರ್, ಅದಕ್ಕೆ ಯಾವ ಶೀತಲ ಘಟಕದ ಹಾಲು, ಅದಕ್ಕೆ ಯಾವ ಸಂಘಗಳು, ಆ ಸಂಘಗಳಿಗೆ ಹಿಂಡಿ ಬಂದ ಲಾರಿ ಯಾವುದು. ಈ ಒಂದೊಂದು ವಿವರವೂ ಬೇರೆ ಬೇರೆ ಪುಸ್ತಕದಲ್ಲಿ ಬೇರೆ ಬೇರೆ ಹೆಸರಿನಿಂದ ಇದ್ದರೆ ಹುಡುಕುವಷ್ಟರಲ್ಲಿ ದಿನಗಳು ಕಳೆಯುತ್ತವೆ, ಇಡೀ ಮಾರ್ಗದ ಹಾಲಿಗೆ ಕೆಟ್ಟ ಹೆಸರು ಬರುತ್ತದೆ. ಎಲ್ಲವೂ ಗೆರೆಗಳಿಂದ ಸೇರಿದ್ದರೆ ತಪ್ಪು ಇರುವ ಹಿಂಡಿಯ ಚೀಲಕ್ಕೇ ಕೈ ಹೋಗುತ್ತದೆ. ತಪ್ಪಿಲ್ಲದ ಸದಸ್ಯರು ದಂಡ ತೆರಬೇಕಾಗುವುದಿಲ್ಲ. ದೊಡ್ಡ ಸಂಸ್ಥೆಗಳು ಜ್ಞಾನ ಜಾಲಕ್ಕೆ ಹಣ ಸುರಿಯುವುದು ಮುಖ್ಯವಾಗಿ ಇಂತಹ ಪ್ರಶ್ನೆಗಳಿಗಾಗಿಯೇ.

ಕಿವಿಯೋಲೆ: ನಮ್ಮ ಮನೆಯ ಪಾಠ

ಇಷ್ಟಕ್ಕೆಲ್ಲ ಮೊದಲ ಮೊಳೆ ಕಿವಿಯೋಲೆ. ತಮ್ಮ ರಾಸಿನ ಕಿವಿಯಲ್ಲಿರುವ ಹಳದಿ ಬಿಲ್ಲೆಯ ಮೇಲೆ 12 ಅಂಕಿಗಳ ಸಂಖ್ಯೆ ಇದೆ. ಇದಕ್ಕೆ ಪಶು ಆಧಾರ್ ಎಂದು ಕರೆಯುವುದುಂಟು. ಗೌರಿ ಎಂಬ ಹೆಸರಿನ ಹಸುಗಳು ಊರಿಗೆ ಹತ್ತಿರಬಹುದು, ಈ ಸಂಖ್ಯೆಯ ಹಸು ದೇಶಕ್ಕೆ ಒಂದೇ. ಆನಂದದ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯು ರಾಸುಗಳ ತಳಿ, ಆರೋಗ್ಯ ಮತ್ತು ಆಹಾರದ ವಿವರ ಇಡಲು ಇನಾಫ್ ಎಂಬ ಗಣಕ ವ್ಯವಸ್ಥೆಯನ್ನು ರೂಪಿಸಿತು. 2019ರ ಸೆಪ್ಟೆಂಬರಿನಲ್ಲಿ ಮಥುರೆಯಲ್ಲಿ ಕಾಲುಬಾಯಿ ಜ್ವರ ಮತ್ತು ಕಂದು ರೋಗ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದ ಮೇಲೆ ಲಸಿಕೆಯ ಜೊತೆಗೆ ಕಿವಿಯೋಲೆಯೂ ಹಳ್ಳಿ ಹಳ್ಳಿಗೆ ಬಂತು. 2024ರ ಮಾರ್ಚ್ 2ರಂದು ಬಿಹಾರದ ಬೇಗುಸರಾಯ್‌ನಲ್ಲಿ ಭಾರತ್ ಪಶುಧನ್ ಎಂಬ ರಾಷ್ಟ್ರೀಯ ದಾಖಲೆ ವ್ಯವಸ್ಥೆಯನ್ನು ಪ್ರಧಾನ ಮಂತ್ರಿಯವರು ಉದ್ಘಾಟಿಸಿದರು.

ನಮ್ಮ ರಾಜ್ಯಕ್ಕೆ ಇಂತಹ ಕೆಲಸ ಹೊಸದೇನಲ್ಲ. ಪಹಣಿಗಳನ್ನು ಗಣಕಕ್ಕೆ ಏರಿಸಿದ ಭೂಮಿ ಯೋಜನೆ, ರೈತರನ್ನೂ ಅವರ ಸರ್ವೆ ನಂಬರುಗಳನ್ನೂ ಒಂದು ಗುರುತಿನ ಸಂಖ್ಯೆಗೆ ಜೋಡಿಸಿದ ಫ್ರೂಟ್ಸ್ ವ್ಯವಸ್ಥೆ, ಇವೂ ಇದೇ ದಾರಿಯವು.

ಆದರೆ ಸಂಖ್ಯೆ ಇದ್ದರಷ್ಟೇ ಸಾಲದು ಎಂಬುದನ್ನು ನಮ್ಮ ಮನೆಯಲ್ಲೇ ಕಲಿತೆವು. ನಮ್ಮದೊಂದು ಮಿಶ್ರತಳಿ ಹಸುವಿಗೆ ವಿಮೆ ಮಾಡಿಸಿದ್ದೆವು. ಬೇಲಿಗೆ ಸಿಕ್ಕಿ ಕಿವಿಯೋಲೆ ಹರಿದುಹೋಯಿತು. ಮುಂದಿನ ಲಸಿಕೆಯ ಸುತ್ತಿನಲ್ಲಿ ಬಂದವರು ಹೊಸದನ್ನು ಹಾಕಿ ಹೋದರು. ಓಲೆ ಬಂತಲ್ಲ ಎಂದು ನಾವು ಸುಮ್ಮನಾದೆವು. ಆರು ತಿಂಗಳ ಮೇಲೆ ಹಸು ಹೊಟ್ಟೆಯುಬ್ಬರದಿಂದ ರಾತ್ರೋರಾತ್ರಿ ಸತ್ತಿತು. ಮರಣೋತ್ತರ ಪರೀಕ್ಷೆಯ ಪತ್ರ ಇತ್ತು, ಫೋಟೋ ಇತ್ತು, ಕಿವಿಯೋಲೆಯನ್ನೂ ಕೊಟ್ಟೆವು. ಪರಿಹಾರದ ಅರ್ಜಿ ವಾಪಸು ಬಂತು. ವಿಮಾ ಪತ್ರದಲ್ಲಿದ್ದ ಸಂಖ್ಯೆ ಒಂದು, ಓಲೆಯ ಮೇಲಿದ್ದ ಸಂಖ್ಯೆ ಇನ್ನೊಂದು.

ನಮ್ಮ ತಾಯಿಯವರು, "ಹಸು ನಮ್ಮದೇ ಅಂತ ಊರಿಗೆಲ್ಲ ಗೊತ್ತಲ್ಲಪ್ಪ" ಎಂದು ಎಷ್ಟೋ ದಿನ ಹೇಳುತ್ತಿದ್ದರು. ಊರಿಗೆ ಗೊತ್ತಿತ್ತು. ಕಾಗದಕ್ಕೆ ಗೊತ್ತಿರಲಿಲ್ಲ. ಹಳೆಯ ಸಂಖ್ಯೆಯದೂ ಹೊಸ ಸಂಖ್ಯೆಯದೂ ಒಂದೇ ಹಸು ಎಂದು ಹೇಳುವ ಒಂದು ಸಾಲು ಎಲ್ಲಿಯೂ ಇರಲಿಲ್ಲ. ಓಲೆ ಬದಲಾದಾಗ ಹಳೆಯ ಸಂಖ್ಯೆಗೆ ಹೊಸದನ್ನು ಜೋಡಿಸಲು ದಾಖಲೆ ವ್ಯವಸ್ಥೆಯಲ್ಲಿ ಅವಕಾಶವಿದೆ. ನಾವು ಕೇಳಲಿಲ್ಲ, ವಿಮೆಯವರಿಗೂ ಬರೆದು ತಿಳಿಸಲಿಲ್ಲ. ಆ ಒಂದು ಸಾಲಿನ ಬೆಲೆ ನಮಗೆ ಒಂದು ಹಸುವಿನ ಬೆಲೆಯಾಯಿತು. ತಮಗೆ ಹಾಗಾಗದಿರಲಿ ಎಂದೇ ಇದನ್ನು ಬರೆದಿದ್ದೇನೆ.

ಪಟ್ಟಿಯಲ್ಲಿ ಇಲ್ಲದವರು

ಪಟ್ಟಿ ಮಾಡುವಾಗ ಒಂದು ಎಚ್ಚರ ಬೇಕು. ಪಟ್ಟಿಯಲ್ಲಿ ಯಾವುದಕ್ಕೆ ಮನೆ ಇಲ್ಲವೋ ಅದು ಯಂತ್ರದ ಪಾಲಿಗೆ ಇಲ್ಲವೇ ಇಲ್ಲ.

ನಮ್ಮ ನಾಟಿ ದನಗಳನ್ನೇ ನೋಡಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದು, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂದು ಹೆಸರಾದ ತಳಿಗೆ ನಮ್ಮ ಜಿಲ್ಲೆಯ ಕಾವಲುಗಳೂ ನೆಲೆ. ಕರ್ನಾಲದ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಬ್ಯೂರೋದ ನೋಂದಣಿಯಲ್ಲಿ ಅದಕ್ಕೆ ತನ್ನದೇ ಸ್ಥಾನವಿದೆ. ಆದರೂ ಕಿವಿಯೋಲೆ ಹಾಕಿಸುವಾಗ ಅವಸರದಲ್ಲಿ 'ನಾಟಿ' ಎಂದು ಬರೆಸಿಬಿಟ್ಟರೆ, ತಳಿ ಉಳಿಸುವ ಯೋಜನೆ ಬಂದಾಗ ಲೆಕ್ಕದಲ್ಲಿ ತಮ್ಮ ರಾಸು ಇರುವುದಿಲ್ಲ.

ಮನುಷ್ಯರ ವಿಷಯದಲ್ಲೂ ಹಾಗೆಯೇ. ಹುಲ್ಲು ಕೊಯ್ಯುವವರು, ಸಗಣಿ ಬಾಚುವವರು, ಹಾಲು ಕರೆಯುವವರು ಹೆಚ್ಚಿನ ಮನೆಗಳಲ್ಲಿ ತಾಯಂದಿರು. ಆದರೆ ದಾಖಲೆಯಲ್ಲಿ 'ಮಾಲೀಕರು' ಎಂಬ ಒಂದೇ ಮನೆ ಇದ್ದು ಅಲ್ಲಿ ಯಜಮಾನರ ಹೆಸರಿದ್ದರೆ, 'ಈ ರಾಸನ್ನು ಸಾಕುವವರು ಯಾರು' ಎಂದು ಕೇಳಿದಾಗ ಯಂತ್ರವು ಆ ತಾಯಿಯ ಹೆಸರು ಹೇಳುವುದಿಲ್ಲ. ತರಬೇತಿಯ ಪತ್ರವೂ ಸಾಲದ ಸಂದೇಶವೂ ಆಕೆಗೆ ತಲುಪುವುದಿಲ್ಲ. ಮಾಲೀಕರು ಎಂಬುದರ ಜೊತೆ ಸಾಕುವವರು ಎಂಬ ಇನ್ನೊಂದು ಸಂಬಂಧ ಬೇಕು. ಇದನ್ನು ಹೇಳಬೇಕಾದವರು ಎಂಜಿನಿಯರುಗಳಲ್ಲ, ಕೊಟ್ಟಿಗೆ ಬಲ್ಲ ಸದಸ್ಯರು. ಪಟ್ಟಿಯು ಒಪ್ಪಿತವಾಗಿರಬೇಕು ಎಂದು ಮೊದಲೇ ಹೇಳಿದ್ದು ಇದಕ್ಕಾಗಿಯೇ.

ಮಾತನಾಡುವ ಯಂತ್ರವನ್ನು ಎಷ್ಟು ನಂಬಬಹುದು?

ಈಗ ಮೊಮ್ಮಗನ ಎ.ಐ.ಗೆ ಬರೋಣ. ಮೊಬೈಲಿನಲ್ಲಿ ಕನ್ನಡದಲ್ಲೇ ಪ್ರಶ್ನೆ ಕೇಳಿದರೆ ಕನ್ನಡದಲ್ಲೇ ಉತ್ತರಿಸುವ ಯಂತ್ರಗಳು ಬಂದಿವೆ. ಇವು ಅಪಾರವಾದ ಬರಹವನ್ನು ಓದಿ, ಒಂದು ಮಾತಿನ ಮುಂದೆ ಯಾವ ಮಾತು ಬರಬಹುದು ಎಂಬುದನ್ನು ಕಲಿತ ಯಂತ್ರಗಳು. ಮಾತು ನಯವಾಗಿರುತ್ತದೆ. ಆದರೆ ನಯವಾಗಿ ಆಡಿದ್ದೆಲ್ಲ ನಿಜವಾಗಿರಬೇಕೆಂದೇನೂ ಇಲ್ಲ. ಗೊತ್ತಿಲ್ಲದ್ದನ್ನೂ ಗೊತ್ತಿರುವಂತೆಯೇ ಹೇಳಿಬಿಡುವ ಗುಣ ಇವಕ್ಕಿದೆ. ತಮ್ಮ ಗೌರಿಗೆ ಕೊನೆಯ ಲಸಿಕೆ ಎಂದು ಆಯಿತು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ, ತಮ್ಮ ದಾಖಲೆಯಲ್ಲಿ ಮಾತ್ರ ಇದೆ.

ಆದ್ದರಿಂದ ಈಗ ತಜ್ಞರು ಎರಡನ್ನೂ ಜೋಡಿಸುತ್ತಿದ್ದಾರೆ. ಮಾತನಾಡುವ ಕೆಲಸ ಯಂತ್ರದ್ದು, ನಿಜ ಹೇಳುವ ಕೆಲಸ ಜ್ಞಾನ ಜಾಲದ್ದು. ಪ್ರಶ್ನೆ ಬಂದಾಗ ಯಂತ್ರವು ಮೊದಲು ಜಾಲದಲ್ಲಿ ಆ ಹಸುವಿನ ಸಾಲುಗಳನ್ನು ತೆಗೆದು ನೋಡಿ, ಅಲ್ಲಿರುವುದನ್ನಷ್ಟೇ ಮಾತಾಗಿ ಹೇಳಬೇಕು. ಅಲ್ಲಿ ಇಲ್ಲದಿದ್ದರೆ 'ದಾಖಲೆ ಇಲ್ಲ' ಎನ್ನಬೇಕು. ಬಾಯಿ ಎಷ್ಟೇ ಚೆನ್ನಾಗಿದ್ದರೂ ಹಿಂದಿರುವ ಪುಸ್ತಕ ಸರಿಯಿಲ್ಲದಿದ್ದರೆ ಫಲವಿಲ್ಲ. ಆ ಪುಸ್ತಕದ ಮೊದಲ ಸಾಲು ಬರೆಯುವುದು ತಮ್ಮ ಕೊಟ್ಟಿಗೆಯಲ್ಲಿ.

ಸದಸ್ಯರು ಮಾಡಬೇಕಾದದ್ದು

1. ಕಿವಿಯೋಲೆ ಬಿದ್ದುಹೋದರೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ಹಳೆಯ ಸಂಖ್ಯೆಗೆ ಹೊಸ ಸಂಖ್ಯೆಯನ್ನು ಜೋಡಿಸಲು ಹೇಳಿ. ವಿಮೆ ಇದ್ದರೆ ಅವರಿಗೂ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ.

2. ರಾಸು ಕೊಂಡಾಗ ಮತ್ತು ಮಾರಿದಾಗ ಮಾಲೀಕರ ಬದಲಾವಣೆಯನ್ನು ದಾಖಲೆ ಮಾಡಿಸಿ.

3. ಕೃತಕ ಗರ್ಭಧಾರಣೆ ಮಾಡಿಸಿದ ದಿನ, ನಳಿಕೆಯ ಮೇಲಿನ ಹೋರಿಯ ಸಂಖ್ಯೆಯನ್ನು ಕೇಳಿ ಮನೆಯ ಪುಸ್ತಕದಲ್ಲಿ ಬರೆದಿಡಿ. ಕರುವಿಗೆ ಓಲೆ ಹಾಕಿಸುವಾಗ ತಾಯಿಯ ಸಂಖ್ಯೆಯನ್ನು ತಪ್ಪದೆ ಬರೆಸಿ.

4. ಆಧಾರ್, ಬ್ಯಾಂಕ್ ಪಾಸ್ ಪುಸ್ತಕ, ಸಂಘದ ಸದಸ್ಯತ್ವ ಪುಸ್ತಕ, ಈ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಈ ವಾರವೇ ನೋಡಿಕೊಳ್ಳಿ.

5. ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸಿ. ಕಂದು ರೋಗದ ಲಸಿಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಂದೇ ಬಾರಿ. ಹಾಕಿಸಿದ್ದನ್ನು ಕಿವಿಯೋಲೆಯ ಸಂಖ್ಯೆಗೆ ಸೇರಿಸಿದ್ದಾರೆಯೇ ಎಂದು ಕೇಳಿ.

6. ಆಂಟಿಬಯಾಟಿಕ್ ಕೊಡಿಸಿದಾಗ ಔಷಧಿಯ ಹೆಸರು ಮತ್ತು ಕೊನೆಯ ದಿನ ಬರೆದಿಡಿ. ಚೀಟಿಯಲ್ಲಿ ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ತರಬೇಡಿ. ಚೀಟಿಯಲ್ಲಿ ಏನೂ ಹೇಳದಿದ್ದರೆ ಕನಿಷ್ಠ 7 ದಿನ ಬಿಡಬೇಕೆಂಬುದು ನಿಯಮ.

7. ಬೂಷ್ಟು ಹಿಡಿದ ಹಿಂಡಿಯನ್ನು ಬಿಸಿಲಿಗೆ ಹಾಕಿ ಬೆರೆಸಿ ತಿನ್ನಿಸುವ ಆಸೆ ಬೇಡ. ಹಿಂಡಿಯನ್ನು ನೆಲದಿಂದ ಎತ್ತರದಲ್ಲಿ, ಗೋಡೆಗೆ ತಾಗದಂತೆ ಇಡಿ.

8. ಮೊಬೈಲ್ ಹೇಳಿದ ಚಿಕಿತ್ಸೆಯನ್ನು ಸೂಚನೆ ಎಂದು ತಿಳಿಯಿರಿ, ಆದೇಶ ಎಂದಲ್ಲ. ಹಸು ಮಲಗಿದ್ದರೆ ಪಶುವೈದ್ಯರನ್ನು ಕರೆಯಿರಿ, ಅಥವಾ 1962ಕ್ಕೆ ಕರೆ ಮಾಡಿ.

9. ವಾರ್ಷಿಕ ಸರ್ವ ಸದಸ್ಯರ ಸಭೆಯಲ್ಲಿ ಎದ್ದು ಕೇಳಿ: ನಮ್ಮ ವಿವರ ಯಾರ ಬಳಿ ಇದೆ, ಅದನ್ನು ಯಾರು ನೋಡಬಹುದು, ತಪ್ಪಿದ್ದರೆ ತಿದ್ದಿಸುವುದು ಹೇಗೆ? ಹಾಲು ನಮ್ಮದು, ಸಂಘ ನಮ್ಮದು ಎನ್ನುವ ನಾವು ವಿವರವೂ ನಮ್ಮದು ಎಂಬುದನ್ನು ಮರೆಯಬಾರದು.

ಬಂಧುಗಳೇ, ಹಾಲಿನ ಲೆಕ್ಕದಲ್ಲಿ ಒಂದು ಡಿಗ್ರಿ ಹೆಚ್ಚುಕಡಿಮೆಯಾದರೆ ಕೌಂಟರಿನ ಮುಂದೆ ನಿಂತು ಕೇಳುತ್ತೇವೆ. ಕೇಳಲೇಬೇಕು. ಅಷ್ಟೇ ಎಚ್ಚರ ಹೆಸರು ಮತ್ತು ಸಂಖ್ಯೆಯ ವಿಷಯದಲ್ಲೂ ಇರಲಿ. ಇಂದು ಸಂಜೆ ಹಾಲು ಕರೆಯುವ ಮುಂಚೆ ಒಂದು ಕೆಲಸ ಮಾಡಿ. ತಮ್ಮ ಪ್ರತಿಯೊಂದು ರಾಸಿನ ಕಿವಿಯೋಲೆಯ 12 ಅಂಕಿಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡು, ವಿಮಾ ಪತ್ರದ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ ಆಗಿದ್ದರೆ ನಿಶ್ಚಿಂತೆಯಿಂದ ಹಾಲು ಕರೆಯಲು ಕುಳಿತುಕೊಳ್ಳಿ. ಬೇರೆಯಾಗಿದ್ದರೆ ನಾಳೆ ಬೆಳಗ್ಗೆ ಹಾಲು ಹಾಕಿ ಬರುವಾಗಲೇ ಕಾರ್ಯದರ್ಶಿಗಳಿಗೆ ತಿಳಿಸಿ.